ಫ್ರೀಜರಿನ ಬಟಾಣಿಯೂ ತರಕಾರಿಯೇ

ನಿಮ್ಮ ಮನೆಯ ಫ್ರೀಜರ್ ತೆಗೆದು ನೋಡಿ. ತೆಂಗಿನತುರಿಯ ಪೊಟ್ಟಣ, ಊರಿಂದ ತಂದ ಸಾರಿನಪುಡಿ, ಮಿಕ್ಕಿದ ಚಪಾತಿ, ಇವೆಲ್ಲದರ ಅಡಿಯಲ್ಲಿ ಎಲ್ಲೋ ಅರ್ಧ ಖಾಲಿಯಾದ ಬಟಾಣಿ ಚೀಲ ಇದ್ದೇ ಇರುತ್ತದೆ. ಅದರ ಬಾಯಿಗೊಂದು ರಬ್ಬರ್ ಬ್ಯಾಂಡ್. ಮಗು ಬಿದ್ದು ಹಣೆ ಊದಿಸಿಕೊಂಡ ದಿನ ಅದನ್ನೇ ಟವೆಲಿನಲ್ಲಿ ಸುತ್ತಿ ಒತ್ತಿರುತ್ತೀರಿ. ಅಡುಗೆಗೆ ಅದು ನೆನಪಾಗುವುದು ಬೇರೆ ತರಕಾರಿ ಮುಗಿದಾಗ ಮಾತ್ರ: "ಇವತ್ತು ಮನೇಲಿ ಏನೂ ಇಲ್ಲ, ಸ್ವಲ್ಪ ಬಟಾಣಿ ಹಾಕಿ ಉಪ್ಪಿಟ್ಟು ಮಾಡ್ತೀನಿ."

ಆ "ಏನೂ ಇಲ್ಲ" ಎಂಬ ಮಾತಿನ ಬಗ್ಗೆಯೇ ಈ ಲೇಖನ.

ನಮ್ಮ ಮಗನಿಗೆ ಎರಡೂವರೆ ವರ್ಷವಾಗಿದ್ದಾಗ ಅವನ ಊಟ ಅಂದರೆ ಮೊಸರನ್ನ, ಹಾಲು, ಬಾಳೆಹಣ್ಣು, ಮತ್ತೆ ಮೊಸರನ್ನ. ಮುಖ ಬಿಳಿಚಿಕೊಂಡಂತೆ ಕಂಡು ಡಾಕ್ಟರ ಬಳಿ ಕರೆದುಕೊಂಡು ಹೋದೆವು. ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶ ಕಡಿಮೆ ಬಂತು. "ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆ?" ಎಂದು ಕೇಳಿದರು. "ಮುಕ್ಕಾಲು ಲೀಟರ್" ಎಂದೆ, ಒಳ್ಳೆಯ ತಾಯಿ ಎನ್ನುತ್ತಾರೇನೋ ಎಂಬ ಆಸೆಯಲ್ಲಿ. ತೊಂದರೆ ಇದ್ದದ್ದೇ ಅಲ್ಲಿ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆಂದೇ ಹೇಳಬಹುದು. ಹೊಟ್ಟೆ ತುಂಬಿಸಿ ಬೇರೆ ಊಟಕ್ಕೆ ಜಾಗ ಬಿಡುವುದಿಲ್ಲ, ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣಾಂಶವನ್ನು ಹೀರಿಕೊಳ್ಳಲೂ ಅಡ್ಡಿ ಮಾಡುತ್ತದೆ. ಈ ವಯಸ್ಸಿಗೆ ಅರ್ಧ ಲೀಟರಿಗಿಂತ ಕಡಿಮೆ ಸಾಕು.

ಮುಂದಿನ ಪ್ರಶ್ನೆ: "ತರಕಾರಿ ಯಾವುದು ತಿನ್ನುತ್ತಾನೆ?" ನಾನು ಹೇಳಿದ್ದು, "ಯಾವುದೂ ಇಲ್ಲ, ಬರೀ ಬಟಾಣಿ." ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಬಟಾಣಿ ತರಕಾರಿಯಲ್ಲವೇ?"

ನಾನು ಡಾಕ್ಟರೇಟ್ ಮಾಡಿರುವುದು ಸಸ್ಯಗಳ ಪ್ರೋಟೀನ್ ಮೇಲೆ. ಇಷ್ಟು ಹೇಳಿದರೆ ಆ ಕ್ಷಣ ನನಗೆ ಹೇಗಾಗಿರಬೇಕೆಂದು ನಿಮಗೆ ಗೊತ್ತಾಗುತ್ತದೆ.

ಲೆಕ್ಕ ಏನು ಹೇಳುತ್ತದೆ

ಬೇಯಿಸಿದ 100 ಗ್ರಾಂ ಹಸಿರು ಬಟಾಣಿಯಲ್ಲಿ ಸುಮಾರು 5 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ತೂಕದ ಬೀನ್ಸ್‌ನಲ್ಲಿ 2 ಗ್ರಾಂ ಕೂಡ ಇಲ್ಲ, ಕ್ಯಾರೆಟ್‌ನಲ್ಲಿ ಒಂದು ಗ್ರಾಮಿಗೂ ಕಡಿಮೆ, ಆಲೂಗಡ್ಡೆಯಲ್ಲಿ 2, ಅನ್ನದಲ್ಲಿ ಎರಡೂವರೆ ಚಿಲ್ಲರೆ. ಕಾರಣ ಸರಳ: ಬಟಾಣಿ ತರಕಾರಿಯ ವೇಷ ಹಾಕಿದ ಬೇಳೆ. ಕಾಳು ಬಲಿತು ಒಣಗುವ ಮೊದಲೇ ಕೊಯ್ದುಬಿಟ್ಟಿರುತ್ತೇವೆ, ಅಷ್ಟೇ.

ಒಂದರಿಂದ ಮೂರು ವರ್ಷದ ಮಗುವಿಗೆ ಅಮೆರಿಕದ ಶಿಫಾರಸು ದಿನಕ್ಕೆ 13 ಗ್ರಾಂ ಪ್ರೋಟೀನ್, ಬ್ರಿಟನ್ನಿನದು ಹದಿನಾಲ್ಕೂವರೆ. ಮಗುವಿನ ಪುಟ್ಟ ಬಟ್ಟಲಲ್ಲಿ 50 ಗ್ರಾಂ ಬಟಾಣಿ ಹಾಕಿದರೆ ಎರಡೂವರೆ ಗ್ರಾಂ ಸಿಕ್ಕಿತು, ಅಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಜೊತೆಗೆ ಎರಡು ಗ್ರಾಮಿಗೂ ಸ್ವಲ್ಪ ಹೆಚ್ಚು ನಾರಿನಂಶ. ಹಾಲು ಅನ್ನದ ಮೇಲೇ ಬದುಕುವ ಮಕ್ಕಳ ಮಲಬದ್ಧತೆ ಕಂಡವರಿಗೆ ನಾರಿನ ಬೆಲೆ ಬೇರೆ ಹೇಳಬೇಕಿಲ್ಲ.

ಸಸ್ಯಾಹಾರಿ ಮನೆಗಳಿಗೆ ಇನ್ನೊಂದು ಲಾಭ. ಅಕ್ಕಿ ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬಟಾಣಿಯಲ್ಲಿ ಅದು ಧಾರಾಳ. ಬಟಾಣಿಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಎರಡೂ ಒಂದೇ ತುತ್ತಿನಲ್ಲಿ ಸೇರಲೇಬೇಕೆಂದಿಲ್ಲ, ಒಂದೇ ದಿನದಲ್ಲಿ ಹೊಟ್ಟೆ ಸೇರಿದರೆ ಸಾಕು. ನಮ್ಮ ಬಟಾಣಿ ಪಲಾವಿಗೆ ಯಾವ ತಿದ್ದುಪಡಿಯೂ ಬೇಡ.

ಕಬ್ಬಿಣಾಂಶದ ವಿಷಯದಲ್ಲಿ ಮಾತ್ರ ಉತ್ಪ್ರೇಕ್ಷೆ ಬೇಡ. 100 ಗ್ರಾಮಿಗೆ ಒಂದೂವರೆ ಮಿಲಿಗ್ರಾಂ ಇದೆ. ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 7 ಮಿಲಿಗ್ರಾಂ. ಒಂದು ಪುಟ್ಟ ಬಟ್ಟಲು ಅದರ ಒಂಬತ್ತನೇ ಒಂದು ಪಾಲು ಕೊಟ್ಟೀತು. ಸಸ್ಯದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದೂ ನಿಧಾನ. ರಕ್ತಹೀನತೆ ಇರುವ ಮಗುವಿಗೆ ಡಾಕ್ಟರು ಬರೆದುಕೊಟ್ಟ ಸಿರಪ್ಪೇ ಔಷಧ, ಬಟಾಣಿಯಲ್ಲ. ನಮ್ಮ ಮಗನೂ ಸಿರಪ್ ಕುಡಿದೇ ಸರಿಹೋದ. ಆದರೆ ಸಿರಪ್ ನಿಲ್ಲಿಸಿದ ಮೇಲೆ ತಟ್ಟೆಯಲ್ಲಿ ಏನಿರಬೇಕು ಎಂಬುದಕ್ಕೆ ಉತ್ತರ ಬೇಕಲ್ಲ, ಅಲ್ಲಿ ಬಟಾಣಿ ಕೆಲಸಕ್ಕೆ ಬಂತು. ವಿಟಮಿನ್ ಬಿ12 ಇದರಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು.

ಅತ್ತೆಯ ಪ್ರಶ್ನೆ

ಆ ವರ್ಷ ಬೇಸಿಗೆಗೆ ಅತ್ತೆ ಮೈಸೂರಿನಿಂದ ಬಂದರು. ನಾನು ಚೀಲದಿಂದ ಬಾಣಲೆಗೆ ಬಟಾಣಿ ಸುರಿಯುವುದನ್ನು ನೋಡಿ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಕೇಳಿಯೇಬಿಟ್ಟರು.

"ಏನಮ್ಮಾ ಇದು, ತಿಂಗಳುಗಟ್ಟಲೆ ಐಸಲ್ಲಿ ಇಟ್ಟಿದ್ದನ್ನ ಮಗೂಗೆ ಕೊಡ್ತೀಯಲ್ಲ? ಇದರಲ್ಲೇನು ಸತ್ವ ಉಳಿದಿರತ್ತೆ?"

"ಕೊಯ್ದ ದಿನಾನೇ ಫ್ರೀಜ್ ಮಾಡಿರ್ತಾರೆ ಅತ್ತೆ."

"ಕೊಯ್ದ ದಿನಾನೇ ತಿನ್ನಬೇಕಿತ್ತು."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮಾಗಿ ಚಳಿಯಲ್ಲಿ ಬೆಳಗ್ಗೆ ಮಾರ್ಕೆಟ್ಟಿಗೆ ಬಂದ ಅವರೆಕಾಯಿಯನ್ನು ಮಧ್ಯಾಹ್ನದೊಳಗೆ ಬಿಡಿಸಿ, ರಾತ್ರಿ ಸಾರು ಮಾಡಿ, ಸೊಗಡು ಮನೆಯೆಲ್ಲ ತುಂಬಿಸಿದವರು ಅವರು. ನಿಮ್ಮ ಮನೆಯಲ್ಲೂ ವಿಡಿಯೋ ಕರೆಯಲ್ಲಿ ಈ ಪ್ರಶ್ನೆ ಬಂದಿರಬಹುದು. ವಾದ ಮಾಡುವುದಕ್ಕಿಂತ ಪರೀಕ್ಷೆ ಮಾಡುವುದು ಮೇಲು ಅಂದುಕೊಂಡೆ. ಸೂಪರ್‌ಮಾರ್ಕೆಟ್ಟಿನಿಂದ ಸಿಪ್ಪೆಯೊಳಗೇ ಇದ್ದ ಬಟಾಣಿಕಾಯಿ ತಂದೆ. ನೋಡಲು ಹಸಿರಾಗಿ ಚೆನ್ನಾಗಿಯೇ ಇತ್ತು. ಅತ್ತೆ ಬಿಡಿಸಿಕೊಟ್ಟರು. ಅದನ್ನೊಂದು ಪಾತ್ರೆಯಲ್ಲಿ, ಫ್ರೀಜರಿನದನ್ನು ಇನ್ನೊಂದರಲ್ಲಿ, ಉಪ್ಪು ಕೂಡ ಹಾಕದೆ ಬೇಯಿಸಿದೆ. ಯಾವ ಬಟ್ಟಲಲ್ಲಿ ಯಾವುದು ಎಂದು ಹೇಳದೆ ಇಬ್ಬರ ಮುಂದೆಯೂ ಇಟ್ಟೆ.

ಮೊದಲ ಬಟ್ಟಲಿನಿಂದ ನಾಲ್ಕು ಕಾಳು ತಿಂದು ಅತ್ತೆ ಹೇಳಿದ್ದು, "ಇದು ಹಿಟ್ಟು ಹಿಟ್ಟಾಗಿದೆ, ಬಲಿತುಬಿಟ್ಟಿದೆ." ಅದು "ತಾಜಾ" ಬಟಾಣಿ. ಮಗ ಆಗಲೇ ಎರಡನೇ ಬಟ್ಟಲು ಖಾಲಿ ಮಾಡುತ್ತಿದ್ದ.

ಇದರಲ್ಲಿ ಮಾಯವೇನಿಲ್ಲ. ಬಳ್ಳಿಯಿಂದ ಕಿತ್ತ ಮೇಲೂ ಕಾಳಿಗೆ ಜೀವ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಉಸಿರಾಟಕ್ಕೆ ಖರ್ಚು ಮಾಡುತ್ತದೆ, ಉಳಿದದ್ದನ್ನು ಪಿಷ್ಟವಾಗಿ ಬದಲಾಯಿಸುತ್ತಾ ಹೋಗುತ್ತದೆ. ಬೆಚ್ಚಗಿನ ಜಾಗದಲ್ಲಾದರೆ ಕೆಲವೇ ಗಂಟೆಗಳಲ್ಲಿ ಸಿಹಿ ಇಳಿಯತೊಡಗುತ್ತದೆ. ಹೊಲದಿಂದ ಗೋದಾಮು, ಅಲ್ಲಿಂದ ಲಾರಿ, ಅಂಗಡಿ, ನಿಮ್ಮ ಫ್ರಿಜ್ ಎಂದು ನಾಲ್ಕೈದು ದಿನ ಸುತ್ತಿದ ಕಾಯಿ ನೋಡಲು ಮಾತ್ರ ತಾಜಾ. ವಿಟಮಿನ್ ಸಿ ಕೂಡ ಅದೇ ದಾರಿ ಹಿಡಿದಿರುತ್ತದೆ.

ಫ್ರೀಜರಿನದ್ದರ ಕಥೆ ಬೇರೆ. ನಾವಿರುವುದು ಇಂಗ್ಲೆಂಡಿನ ಪೂರ್ವಭಾಗದಲ್ಲಿ. ನಾರ್ಫೋಕ್, ಲಿಂಕನ್‌ಶೈರ್, ಯಾರ್ಕ್‌ಶೈರ್ ಕಡೆ ಬಟಾಣಿ ಹೊಲಗಳು ಸಾಕಷ್ಟಿವೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಯ್ಲಿನ ಯಂತ್ರಗಳು ರಾತ್ರಿಯೂ ದೀಪ ಹಾಕಿಕೊಂಡು ಓಡುತ್ತವೆ. ಯಂತ್ರ ಹೊಲದಲ್ಲೇ ಕಾಯಿ ಒಡೆದು ಕಾಳು ಬೇರೆ ಮಾಡುತ್ತದೆ. ಅಲ್ಲಿಂದ ಎರಡೂವರೆ ಗಂಟೆಯೊಳಗೆ ಕಾಳು ಹೆಪ್ಪುಗಟ್ಟಿರಬೇಕು ಎಂಬುದು ಇಲ್ಲಿನ ಉದ್ಯಮದ ಗುರಿ. ಕಾರ್ಖಾನೆಗೆ ಬಂದ ಕೂಡಲೇ ಒಂದೆರಡು ನಿಮಿಷ ಬಿಸಿನೀರು ಅಥವಾ ಹಬೆ ತೋರಿಸುತ್ತಾರೆ. ಸಕ್ಕರೆಯನ್ನು ಬದಲಾಯಿಸುವ, ರುಚಿ ಬಣ್ಣ ಕೆಡಿಸುವ ಕಿಣ್ವಗಳು ಆ ಬಿಸಿಗೆ ಕೆಲಸ ನಿಲ್ಲಿಸುತ್ತವೆ. ಆಮೇಲೆ ತಣ್ಣಗೆ ಮಾಡಿ, ಕೊರೆಯುವ ಗಾಳಿಯಲ್ಲಿ ಕಾಳು ಕಾಳಾಗಿ ಹೆಪ್ಪುಗಟ್ಟಿಸುತ್ತಾರೆ. ಚೀಲದಲ್ಲಿ ಅವು ಉದುರುದುರಾಗಿ ಇರುವುದು ಅದಕ್ಕೇ. ನಿಮ್ಮ ಚೀಲ ಒಂದೇ ಗಟ್ಟಿ ಉಂಡೆಯಾಗಿದ್ದರೆ ದಾರಿಯಲ್ಲೆಲ್ಲೋ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಅಂಗಡಿಯಲ್ಲಿ ಚೀಲವನ್ನು ಒಮ್ಮೆ ಅಲ್ಲಾಡಿಸಿ ನೋಡಿ ತನ್ನಿ.

ಅತ್ತೆಯ ಸತ್ವದ ಪ್ರಶ್ನೆಗೆ ಅಂಕಿಯ ಉತ್ತರವೂ ಇದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ಬಟಾಣಿಯಲ್ಲಿ 40 ಮಿಲಿಗ್ರಾಂ ವಿಟಮಿನ್ ಸಿ ಇದೆ. ಅದನ್ನೇ ಬೇಯಿಸಿದರೆ 14ಕ್ಕೆ ಇಳಿಯುತ್ತದೆ. ಫ್ರೋಜನ್ ಬಟಾಣಿ ಬೇಯಿಸಿದರೆ 10. ಪ್ರೋಟೀನ್ ಮತ್ತು ಕಬ್ಬಿಣಾಂಶ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ನಷ್ಟದ ದೊಡ್ಡ ಪಾಲು ಫ್ರೀಜರಿನಲ್ಲಿ ಆಗುವುದಲ್ಲ, ಒಲೆಯ ಮೇಲೆ ಆಗುವುದು.

ಕುಕ್ಕರಿನಿಂದ ದೂರ ಇಡಿ

ಇಲ್ಲಿ ತಪ್ಪು ನಮ್ಮದು, ನನ್ನದೂ ಸೇರಿ. ಊರಿನ ಅಭ್ಯಾಸದಂತೆ ಫ್ರೋಜನ್ ಬಟಾಣಿಯನ್ನೂ ಆಲೂಗಡ್ಡೆ ಜೊತೆ ಕುಕ್ಕರಿಗೆ ಹಾಕಿ ಮೂರು ಕೂಗು ಕೂಗಿಸುತ್ತಿದ್ದೆ. ಅದು ಒಣ ಬಟಾಣಿಗೆ ಸರಿ. ಈ ಬಟಾಣಿ ಈಗಾಗಲೇ ಒಮ್ಮೆ ಬಿಸಿ ಕಂಡಿದೆ, ಕುದಿಯುವ ಸಾಗುವಿನಲ್ಲಿ ಕೊನೆಯ ಮೂರು ನಾಲ್ಕು ನಿಮಿಷ ಇದ್ದರೆ ಸಾಕು. ಉಪ್ಪಿಟ್ಟಿಗಾದರೆ ನೀರು ಕುದಿ ಬಂದ ಮೇಲೆ, ರವೆ ಹಾಕುವ ತುಸು ಮೊದಲು. ಬೇಯಿಸಿದ ನೀರು ಚೆಲ್ಲಬೇಡಿ, ನೀರಿನಲ್ಲಿ ಕರಗುವ ವಿಟಮಿನ್‌ಗಳು ಅದರಲ್ಲೇ ಇರುತ್ತವೆ. ಸಾರಿಗೋ ಹಿಟ್ಟು ಕಲಸುವುದಕ್ಕೋ ಆದೀತು.

ಬಣ್ಣ ಹಸಿರಾಗಿ ಉಳಿಯಲಿ ಎಂದು ಚಿಟಿಕೆ ಸೋಡ ಹಾಕುವವರಿದ್ದಾರೆ. ಹಾಕಬೇಡಿ. ಬಣ್ಣ ನಿಲ್ಲುತ್ತದೆ ನಿಜ, ಆದರೆ ವಿಟಮಿನ್ ಸಿ ಮತ್ತು ಬಿ1 ಹಾಳಾಗುತ್ತವೆ. ಬಟಾಣಿ ಮಂಕಾಗುವುದು ಹುಳಿಯ ಜೊತೆ ಹೆಚ್ಚು ಹೊತ್ತು ಬೆಂದಾಗ: ಹಸಿರು ಬಣ್ಣದ ಕ್ಲೋರೋಫಿಲ್‌ನೊಳಗಿನ ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ. ಹುಣಸೆ, ಟೊಮ್ಯಾಟೊ ಮೊದಲೇ ಬೇಯಲಿ, ಬಟಾಣಿ ಆಮೇಲೆ ಬರಲಿ. ನಿಂಬೆರಸವನ್ನು ತಟ್ಟೆಯಲ್ಲೇ ಹಿಂಡಿ. ಕಬ್ಬಿಣಾಂಶ ಹೀರಿಕೊಳ್ಳಲು ಬೇಕಾದ ವಿಟಮಿನ್ ಸಿ ಆಗ ಹಾಳಾಗದೆ ಮಗುವಿನ ಬಾಯಿಗೆ ಹೋಗುತ್ತದೆ. ಹಾಲನ್ನು ಊಟದ ಜೊತೆ ಕೊಡದೆ ಒಂದೆರಡು ಗಂಟೆ ಬಿಟ್ಟು ಕೊಡಿ.

ನಮ್ಮಲ್ಲಿ ಹೆಚ್ಚು ಓಡುವುದು ಬಟಾಣಿ ಅಕ್ಕಿರೊಟ್ಟಿ. ಒಂದು ಬಟ್ಟಲು ಬೆಂದ ಬಟಾಣಿಯನ್ನು ಚಮಚದ ಹಿಂಬದಿಯಿಂದ ತರಿತರಿಯಾಗಿ ಹಿಸುಕಿ, ಎರಡು ಬಟ್ಟಲು ಅಕ್ಕಿಹಿಟ್ಟು, ತೆಂಗಿನತುರಿ, ಜೀರಿಗೆ, ಕೊತ್ತಂಬರಿ ಸೊಪ್ಪು, ಉಪ್ಪು ಹಾಕಿ, ಬಟಾಣಿ ಬೆಂದ ನೀರಿನಲ್ಲೇ ಕಲಸಿ ತಟ್ಟುವುದು. ಮಾರನೇ ದಿನ ಶಾಲೆಯ ಡಬ್ಬಿಗೂ ಮೆತ್ತಗೇ ಇರುತ್ತದೆ.

ಇನ್ನು ಒಂದಿಷ್ಟು ಎಚ್ಚರಿಕೆ. ಮಕ್ಕಳು ಫ್ರೀಜರಿನಿಂದ ತೆಗೆದ ಬಟಾಣಿಯನ್ನು ಹಾಗೇ ಮಣಿಯಂತೆ ಕಟಕಟ ತಿನ್ನುತ್ತಾರೆ, ಅವರಿಗದು ಬಲು ಇಷ್ಟ. ನಾನೂ ಕೊಟ್ಟಿದ್ದೆ, ಈಗ ಕೊಡುವುದಿಲ್ಲ. ಹಬೆ ತೋರಿಸಿದ ಮಾತ್ರಕ್ಕೆ ಅದು ಬೆಂದ ಆಹಾರವಲ್ಲ. 2018ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಕಾಣಿಸಿಕೊಂಡ ಲಿಸ್ಟೀರಿಯಾ ಸೋಂಕಿನ ಮೂಲ ಫ್ರೋಜನ್ ಮೆಕ್ಕೆಜೋಳ ಎಂದು ಪತ್ತೆಯಾಗಿತ್ತು. ಬೇಯಿಸಿ ಆರಿಸಿ ಕೊಡಿ. ಗರ್ಭಿಣಿಯರಂತೂ ಬೇಯಿಸದೆ ಬಾಯಿಗೆ ಹಾಕಲೇಬೇಡಿ. ಪುಟ್ಟ ಮಗುವಿಗೆ ಕಾಳನ್ನು ಹಿಸುಕಿ ಕೊಡಿ. ಒಣ ಬಟಾಣಿ ಕೈಗೆಟುಕದಂತೆ ಇಡಿ: ಮೂಗಿನೊಳಗೆ ಸೇರಿದರೆ ತೇವಕ್ಕೆ ಊದಿ ಕೂತುಬಿಡುತ್ತದೆ. ಕಡಲೆಕಾಯಿ ಅಥವಾ ಬೇಳೆಯ ಅಲರ್ಜಿ ಇರುವ ಮಗುವಾದರೆ ಬಟಾಣಿ ಪ್ರೋಟೀನ್ ಬೆರೆಸಿದ ತಿಂಡಿಗಳ ಬಗ್ಗೆ ಡಾಕ್ಟರನ್ನು ಕೇಳಿ. ಬ್ರಿಟನ್ನಿನಲ್ಲಿ ಲೇಬಲ್ ಮೇಲೆ ಕಡ್ಡಾಯವಾಗಿ ಎತ್ತಿ ತೋರಿಸಬೇಕಾದ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿ ಬಟಾಣಿ ಇಲ್ಲ.

ಡಬ್ಬಿಯ ಬಟಾಣಿಯಲ್ಲೂ ಎರಡು ಬಗೆ. ಇಲ್ಲಿ ಚಿಪ್ಸ್ ಜೊತೆ ಕೊಡುವ ಮಶಿ ಪೀಸ್ ಮಾಡುವುದು ಒಣಗಿದ ದಪ್ಪ ಬಟಾಣಿಯಿಂದ. ಕೆಲವು ಡಬ್ಬಿಗಳಲ್ಲಿ ಹಸಿರಿಗಾಗಿ ಟಾರ್ಟ್ರಜೀನ್ ಬಣ್ಣ ಸೇರಿಸಿರುತ್ತಾರೆ. ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಆಗಬಹುದು ಎಂಬ ಎಚ್ಚರಿಕೆಯನ್ನು ಆ ಡಬ್ಬಿಯ ಮೇಲೆಯೇ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ. ರಜೆಗೆ ಊರಿಗೆ ಹೋದಾಗ ಬಿಡಿಸಿಟ್ಟ ಬಟಾಣಿ ಅನುಮಾನ ಬರುವಷ್ಟು ಹಸಿರಾಗಿದ್ದರೆ ಗಾಜಿನ ಲೋಟದ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ. ನೀರಿಗೆ ಬಣ್ಣ ಬಿಟ್ಟರೆ ಅದು ಬಣ್ಣ ಹಾಕಿದ ಬಟಾಣಿ. ಇದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೇ ಮನೆಗಳಿಗೆ ಹೇಳಿಕೊಟ್ಟಿರುವ ಪರೀಕ್ಷೆ.

ಸಿಪ್ಪೆ ಬಿಡಿಸುವ ಕೆಲಸ ಯಾರದು

ಹಾಗಾದರೆ ಸಿಪ್ಪೆಯೊಳಗಿನ ಬಟಾಣಿ ಬೇಡವೇ? ಬೇಕು, ಆದರೆ ಸತ್ವಕ್ಕಾಗಿ ಅಲ್ಲ.

ಅತ್ತೆ ಇದ್ದಾಗಲೇ ಒಂದು ಶನಿವಾರ, ನಾವೇ ಕಿತ್ತುಕೊಳ್ಳಬಹುದಾದ ಒಂದು ತೋಟಕ್ಕೆ ಹೋಗಿ ಎರಡು ಕೆಜಿ ಕಾಯಿ ತಂದೆವು. ಅರ್ಧಕ್ಕಿಂತ ಹೆಚ್ಚು ಸಿಪ್ಪೆಗೇ ಹೋಯಿತು, ದುಡ್ಡಿನ ಲೆಕ್ಕದಲ್ಲಿ ಪೂರಾ ನಷ್ಟ. ನೆಲದ ಮೇಲೆ ಪೇಪರ್ ಹಾಸಿ ಅಜ್ಜಿ ಮೊಮ್ಮಗ ಕೂತರು. ಒಂದು ಗಂಟೆ ನಾನು ಅಡುಗೆಮನೆಯಿಂದ ಕಿವಿಗೊಟ್ಟೆ. "ಇದು ಎಳೇದು, ಇದು ಬಲಿತಿದೆ. ಇದರಲ್ಲಿ ಕಾಳೇ ಇಲ್ಲ, ಬರೀ ಜೊಳ್ಳು. ಇಲ್ಲಿ ಒತ್ತು, ಪಟ್ ಅನ್ನತ್ತೆ ನೋಡು. ನಾರು ಎಳಿ. ಅಯ್ಯೋ, ಉರುಳಿ ಹೋಯ್ತು, ಹಿಡ್ಕೋ ಹಿಡ್ಕೋ. ಈ ಕಾಯಲ್ಲಿ ಎಷ್ಟಿದೆ ಹೇಳು, ಒಡೆಯೋಕೆ ಮುಂಚೆ ಹೇಳಬೇಕು." ಏಳು ಅಂದ. ಎಂಟಿತ್ತು. ಮತ್ತೆ ಇನ್ನೊಂದು ಕಾಯಿ.

ಮನೆಯಲ್ಲಿ ನಾವು ಮಕ್ಕಳ ಜೊತೆ ಆಡುವ ಕನ್ನಡ ಯಾವುದು ಎಂದು ಒಮ್ಮೆ ಯೋಚಿಸಿ. ಬಾ, ಹೋಗು, ತಿನ್ನು, ಬೇಡ, ಶೂ ಹಾಕ್ಕೋ, ಲೇಟಾಯ್ತು. ಎಳೆಯದು, ಬಲಿತದ್ದು, ಜೊಳ್ಳು, ಸುಲಿ, ಬಿಡಿಸು, ಹಿಸುಕು ಇವೆಲ್ಲ ಕೈಕೆಲಸವಿಲ್ಲದೆ ಬಾಯಿಗೆ ಬರುವ ಮಾತುಗಳಲ್ಲ. ಇಂಗ್ಲಿಷಿನಲ್ಲಿ ಅವನಿಗೆ ಗೊತ್ತಿದ್ದದ್ದು 'ಪೀ' ಎಂಬ ಒಂದೇ ಮಾತು. ಆ ಗಂಟೆಯಲ್ಲಿ ಕಾಯಿ ಬೇರೆ, ಕಾಳು ಬೇರೆ, ಬೇಳೆ ಬೇರೆ ಎಂದು ಅವನಿಗೆ ಕೈಯಿಂದಲೇ ಗೊತ್ತಾಯಿತು. ಬೇಳೆ ಗೊತ್ತಾಗಿದ್ದು ಹೇಗೆಂದರೆ, ಅತ್ತೆ ನಾಲ್ಕು ಕಾಳಿನ ಮೇಲಿನ ಸಿಪ್ಪೆ ಹಿತಕಿ ತೆಗೆದು, ಊರಲ್ಲಿ ಅವರೆಕಾಳಿನ ಹಿತಕಿದ ಬೇಳೆ ಮಾಡುವುದು ಹೀಗೇ ಎಂದು ತೋರಿಸಿದ್ದರು. ಕೈಯಲ್ಲಿ ಬಿಡಿಸಿದ ಹಸಿ ಕಾಳನ್ನು, ಬೇಡ ಎನ್ನುವುದನ್ನೇ ಮರೆತು ಅವನು ತಿಂದದ್ದು ಬೇರೆ.

ನಿಮ್ಮ ಮಕ್ಕಳು ಇನ್ನೂ ದೊಡ್ಡವರಾಗಿದ್ದರೆ ಅವರಿಗೆ ಹೇಳಬಹುದಾದ ಒಂದು ಕಥೆಯಿದೆ. ಇಂಡಿಯನ್ ಅಂಗಡಿಯ ಒಣ ಬಟಾಣಿ ಗುಂಡಗೆ ನುಣ್ಣಗಿರುತ್ತದೆ. ತೋಟದ ಅಂಗಡಿಯಲ್ಲಿ ಬಿತ್ತನೆಗೆ ಸಿಗುವ ಸಿಹಿ ಬಟಾಣಿಯ ಬೀಜ ಸುಕ್ಕುಗಟ್ಟಿರುತ್ತದೆ. ಎರಡನ್ನೂ ಅಂಗೈ ಮೇಲೆ ಇಟ್ಟು ತೋರಿಸಿ (ಬಿತ್ತನೆ ಬೀಜಕ್ಕೆ ಔಷಧ ಸವರಿರಬಹುದು, ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಆಮೇಲೆ ಕೈ ತೊಳೆಸಿ). ಬ್ರನೋ ಊರಿನ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್ ಈ ಎರಡು ಬಗೆಯನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡು. ಅವುಗಳಿಂದ ಬಂದ ಮುಂದಿನ ಪೀಳಿಗೆಯ 7,324 ಬೀಜಗಳನ್ನು ಕೂತು ಎಣಿಸಿದರು: 5,474 ಗುಂಡು, 1,850 ಸುಕ್ಕು. ಮೂರಕ್ಕೆ ಒಂದು. 1866ರಲ್ಲಿ ಅಚ್ಚಾದ ಆ ಲೆಕ್ಕವೇ ತಳಿವಿಜ್ಞಾನದ ಬುನಾದಿ.

ಸುಕ್ಕು ಏಕೆ ಎಂಬುದು ಗೊತ್ತಾಗಲು 1990ರವರೆಗೆ ಕಾಯಬೇಕಾಯಿತು. ಉತ್ತರ ಸಿಕ್ಕಿದ್ದು ಇಲ್ಲಿನ ನಾರಿಚ್ ಊರಿನ ಜಾನ್ ಇನ್ನೆಸ್ ಸಂಶೋಧನಾ ಸಂಸ್ಥೆಯಲ್ಲಿ. ಪಿಷ್ಟದ ಕವಲುಗಳನ್ನು ಕಟ್ಟುವ ಕಿಣ್ವವೊಂದರ ಜೀನ್‌ನೊಳಗೆ ಸುಮಾರು 800 ಅಕ್ಷರದ ಒಂದು ತುಂಡು ಡಿಎನ್‌ಎ ನುಗ್ಗಿ ಕೂತಿದೆ. ಕಿಣ್ವ ಕೆಲಸ ಮಾಡುವುದಿಲ್ಲ, ಪಿಷ್ಟ ಕಡಿಮೆಯಾಗುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ. ಸಕ್ಕರೆ ನೀರನ್ನು ಎಳೆದುಕೊಳ್ಳುವುದರಿಂದ ಎಳೆಗಾಳು ದುಂಡಗೆ ಉಬ್ಬುತ್ತದೆ. ಒಣಗಿದಾಗ ಆ ನೀರು ಹೋಗಿ ಸುಕ್ಕುಗಟ್ಟುತ್ತದೆ. ನಿಮ್ಮ ಫ್ರೀಜರಿನಲ್ಲಿರುವುದು ಸಾಮಾನ್ಯವಾಗಿ ಈ ಸುಕ್ಕು ಬೀಜದ ತಳಿಯೇ. ಅಂದರೆ ಒಂದು ಕೆಟ್ಟುಹೋದ ಜೀನ್‌ನಿಂದಾಗಿ ನಿಮ್ಮ ಮಗು ಈ ತರಕಾರಿ ತಿನ್ನುತ್ತಿದೆ.

ಅತ್ತೆ ಅಕ್ಟೋಬರ್‌ನಲ್ಲಿ ಮೈಸೂರಿಗೆ ಹೋದರು. ಜನವರಿಯಲ್ಲಿ ಒಂದು ದಿನ ವಿಡಿಯೋ ಕರೆ ಮಾಡಿದಾಗ ಅವರ ಮುಂದೆ ಮೊರದ ತುಂಬ ಅವರೆಕಾಯಿ. ಮಗ ಫೋನಿಗೆ ಮೂಗು ತಾಗಿಸಿಕೊಂಡು ಕೇಳಿದ, "ಅಜ್ಜಿ, ಅದು ಎಳೇದಾ, ಬಲಿತಿದ್ಯಾ?" ಅವರು ಕಾಯಿ ಒಡೆದು ಕ್ಯಾಮೆರಾಕ್ಕೆ ಹಿಡಿದರು. ನಾವು ಈಚೆ ಕಡೆ ಕೂತು, ಒಂದೊಂದು ಕಾಯಲ್ಲಿ ಎಷ್ಟು ಕಾಳಿದೆ ಎಂದು ಊಹೆ ಮಾಡುತ್ತಾ ಬಟಾಣಿ ರೊಟ್ಟಿ ತಿಂದೆವು.